ಹಳ್ಳಿ ಮನೆಗೆ ಸಣ್ಣ ಗಿಟಾರ್ ಆಂಪ್: ಸದ್ದು ಕಡಿಮೆ ಇಟ್ಟರೂ ಚೆನ್ನಾಗಿ ಕೇಳಬೇಕು, ಯಾವುದು ತಗೊಳ್ಳಲಿ?

ಹೊಸನಗರ_ಆರುತಂತಿ
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಗಿಟಾರ್ ಇದೆ, ಅದರ ಸದ್ದು ಹಿಗ್ಗಿಸಿ ಕೇಳಿಸುವ ಆಂಪ್ (ಆಂಪ್ಲಿಫೈಯರ್) ಇಲ್ಲ. ಸದ್ಯಕ್ಕೆ ತಮ್ಮನ ಹೋಮ್ ಥಿಯೇಟರ್‌ಗೆ ಚುಚ್ಚಿ ನುಡಿಸುತ್ತಿದ್ದೇನೆ. ಕ್ಲೀನ್, ಅಂದರೆ ಒಡಕಿಲ್ಲದ ಸದ್ದು, ಪರವಾಗಿಲ್ಲ. ಸದ್ದನ್ನು ಒಡೆಯುವ ಡಿಸ್ಟಾರ್ಷನ್ ಪೆಡಲ್ ಒತ್ತಿದರೆ ಮಾತ್ರ ತಗಡಿನ ಮೇಲೆ ಮೊಳೆ ಗೀಚಿದ ಹಾಗೆ ಕೇಳುತ್ತದೆ.

ನಮ್ಮದು ಹಳೆಯ ಹೆಂಚಿನ ಮನೆ, ಮೇಲೆ ಮರದ ಅಟ್ಟ. ಒಂದು ಕೋಣೆಯಲ್ಲಿ ಕೆಮ್ಮಿದರೆ ಇಡೀ ಮನೆಗೆ ಗೊತ್ತಾಗುತ್ತದೆ. ಅಜ್ಜಿ ಎಂಟೂವರೆಗೆ ಮಲಗುತ್ತಾರೆ, ನನಗೆ ಗಿಟಾರ್ ಹಿಡಿಯಲು ಪುರುಸೊತ್ತು ಸಿಗುವುದೇ ಆಮೇಲೆ. ಬಜೆಟ್ 15 ಸಾವಿರ. ಕ್ಲೀನ್ ಚೆನ್ನಾಗಿರಬೇಕು, ಸ್ವಲ್ಪ ಕ್ರಂಚ್ (ಹದವಾದ ಒಡಕು ಸದ್ದು) ಬೇಕು, ಮೆಟಲ್ ಎಲ್ಲ ಬೇಡ.

ಶಿವಮೊಗ್ಗದಲ್ಲಿ ಒಂದು ಅಂಗಡಿಯವರು "40 ವ್ಯಾಟ್‌ಗಿಂತ ಕಡಿಮೆ ತಗೋಬೇಡಿ, ಸೌಂಡೇ ಬರಲ್ಲ" ಎಂದರು. ಸ್ನೇಹಿತ 10 ಸಾಕು ಎನ್ನುತ್ತಾನೆ. ಯಾರನ್ನು ನಂಬಲಿ? ಮಳೆಗಾಲದ ಕರೆಂಟ್ ಕತೆ ನಿಮಗೆಲ್ಲ ಗೊತ್ತೇ ಇದೆ, ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ವಿನೋಬನಗರ_ಬ್ಲೂಸ್
ಸ್ನೇಹಿತನನ್ನು ನಂಬಿ. 10 ವ್ಯಾಟ್ ಮತ್ತು 40 ವ್ಯಾಟ್ ನಡುವೆ ಇರುವುದು 6 ಡೆಸಿಬೆಲ್ ಅಷ್ಟೇ. ವ್ಯಾಟ್ ನಾಲ್ಕು ಪಟ್ಟಾದರೂ ಕಿವಿಗೆ ಸುಮಾರು ಒಂದೂವರೆ ಪಟ್ಟು ಜೋರಾದಂತೆ ಅನಿಸುತ್ತದೆ. ಎರಡು ಪಟ್ಟು ಜೋರಾಗಿ ಕೇಳಬೇಕಾದರೆ ವ್ಯಾಟ್ ಹತ್ತು ಪಟ್ಟು ಬೇಕು.

ಇನ್ನೊಂದು ಲೆಕ್ಕ ನೋಡಿ. ಸಾಧಾರಣ ಗಿಟಾರ್ ಸ್ಪೀಕರ್ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಆಸುಪಾಸು ಸದ್ದು ಮಾಡುತ್ತದೆ. ನಾವು ಮಾತಾಡುವುದು 60ರ ಹತ್ತಿರ. ಅಂದರೆ ರಾತ್ರಿ ಮಾತಿನ ಮಟ್ಟದಲ್ಲಿ ನುಡಿಸುವಾಗ ಒಂದು ವ್ಯಾಟ್‌ನ ಸಾವಿರದ ಒಂದು ಭಾಗವೂ ಖರ್ಚಾಗುವುದಿಲ್ಲ. 40 ವ್ಯಾಟ್ ತಗೊಂಡು ಎಲ್ಲಿ ಹಾಕುತ್ತೀರಿ?

ಹೋಮ್ ಥಿಯೇಟರ್ ಗೀಚುವುದಕ್ಕೆ ಕಾರಣ ಇದೆ. ಗಿಟಾರ್ ಸ್ಪೀಕರ್ 5 ಸಾವಿರ ಹರ್ಟ್ಜ್ ದಾಟಿದ ಮೇಲೆ ಹೆಚ್ಚು ಕಡಿಮೆ ಬಾಯಿ ಮುಚ್ಚಿಕೊಳ್ಳುತ್ತದೆ. ಡಿಸ್ಟಾರ್ಷನ್‌ನ ಕರ್ಕಶ ಭಾಗ ಇರುವುದೇ ಅದರ ಮೇಲೆ. ನಿಮ್ಮ ತಮ್ಮನ ಹೋಮ್ ಥಿಯೇಟರ್‌ನ ಟ್ವೀಟರ್ (ತೀಕ್ಷ್ಣ ಸ್ವರದ ಸಣ್ಣ ಸ್ಪೀಕರ್) ಅದನ್ನೆಲ್ಲ ನಿಷ್ಠೆಯಿಂದ ಕೇಳಿಸುತ್ತದೆ. ಪೆಡಲ್‌ನ ತಪ್ಪಿಲ್ಲ.

ಚಂಡೆಪ್ರಿಯ
40 ವ್ಯಾಟ್‌ಗೆ ಇಷ್ಟು ಚರ್ಚೆಯಾ ಮಾರಾಯ್ರೆ? ನಮ್ಮ ಪಕ್ಕದ ಮನೆಯಲ್ಲಿ ಚಂಡೆ ಅಭ್ಯಾಸ ನಡೆಯುತ್ತದೆ. ಅದಕ್ಕೆ ವಾಲ್ಯೂಮ್ ನಾಬೇ ಇಲ್ಲ.

ವಾಲ್ವ್‌ರೇಡಿಯೋ
ಒಂದೇ ಮಾತು: ಟ್ಯೂಬ್ ಆಂಪ್, ಹಳೆಯ ರೇಡಿಯೋ ತರಹ ಗಾಜಿನ ವಾಲ್ವ್ ಇರುವುದು. ಸಣ್ಣದು ಸಾಕು. ಫೆಂಡರ್ ಚಾಂಪ್ ಇದ್ದದ್ದು 5 ವ್ಯಾಟ್, 8 ಇಂಚಿನ ಒಂದು ಸ್ಪೀಕರ್. ಅದನ್ನು ಸ್ಟುಡಿಯೋಗಳಲ್ಲಿ ಬಳಸಿದವರು ಕಡಿಮೆ ಇಲ್ಲ. ಈಗಿನವರು ಮೊಬೈಲ್ ಆ್ಯಪ್‌ನಲ್ಲಿ ನೂರು ಆಂಪ್ ತುಂಬಿಕೊಂಡು ಒಂದನ್ನೂ ಸರಿಯಾಗಿ ನುಡಿಸುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಬ್ಲ್ಯಾಕ್‌ಸ್ಟಾರ್ ಎಚ್‌ಟಿ 1 ಸಿಕ್ಕರೆ ಬಿಡಬೇಡಿ. ಒಂದೇ ವ್ಯಾಟ್.

ಪಿಜಿ_ಗಿಟಾರಿಸ್ಟ್
ಅಣ್ಣ, ಒಂದು ವ್ಯಾಟ್ ಟ್ಯೂಬ್ ಆಂಪ್ ಕ್ರಂಚ್ ಕೊಡುವಷ್ಟು ತಿರುಗಿಸಿದರೆ 95 ಡೆಸಿಬೆಲ್ ಹತ್ತಿರ ಹೋಗುತ್ತದೆ. ಮೇಲೆ ಬ್ಲೂಸ್ ಅಣ್ಣನೇ ಲೆಕ್ಕ ಕೊಟ್ಟಿದ್ದಾರೆ. ಅಜ್ಜಿ ಎದ್ದು ಕೂರುತ್ತಾರೆ. ಮನೆಯಲ್ಲಿ ಟ್ಯೂಬ್ ಆಂಪ್ ಇಟ್ಟುಕೊಂಡು ಯಾವಾಗಲೂ ವಾಲ್ಯೂಮ್ ಒಂದರಲ್ಲೇ ನುಡಿಸುವವರು ಅರ್ಧ ಜನ. ಆಗ ಟ್ಯೂಬ್ ಇದ್ದೂ ಏನು ಬಂತು?

ವಾಲ್ವ್‌ರೇಡಿಯೋ
ಕಡಿಮೆ ವಾಲ್ಯೂಮ್‌ನಲ್ಲೂ ಪ್ರೀಆಂಪ್‌ನ (ಮೊದಲ ಹಂತದ) 12ಎಎಕ್ಸ್7 ಟ್ಯೂಬ್ ಕೆಲಸ ಮಾಡುತ್ತಲೇ ಇರುತ್ತದೆ ತಮ್ಮಾ. ಒಡಕು ಕೂಡಿಸುವ ಗೇನ್ ಮೇಲೆ, ಕೊನೆಯ ಸದ್ದು ಹಿಡಿಯುವ ಮಾಸ್ಟರ್ ಕೆಳಗೆ. ಬೆರಳಿನ ಒತ್ತಡ ಸ್ವಲ್ಪ ಬದಲಾದರೂ ಸದ್ದು ಬದಲಾಗುತ್ತದಲ್ಲ, ಅದು ನಿನ್ನ ಆ್ಯಪ್‌ನಲ್ಲಿ ಬರಲ್ಲ.

ಪಿಜಿ_ಗಿಟಾರಿಸ್ಟ್
ಕಣ್ಣು ಕಟ್ಟಿ ಕೂರಿಸಿದರೆ ನೀವೂ ಗುರುತಿಸಲ್ಲ ಬಿಡಿ. ನಾನು ಬೆಂಗಳೂರಿನ ಪಿಜಿಯಲ್ಲಿ ಲ್ಯಾಪ್‌ಟಾಪ್, ಗಿಟಾರನ್ನು ಅದಕ್ಕೆ ಸೇರಿಸುವ ಒಂದು ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್ ಇಷ್ಟರಲ್ಲೇ ನುಡಿಸುತ್ತೇನೆ. ಆಂಪ್‌ಗಳ ಸದ್ದನ್ನು ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 48 ಸಾವಿರ ಸ್ಯಾಂಪಲ್ ರೇಟ್‌ನಲ್ಲಿ ಬಫರ್ (ಒಂದು ಸಲಕ್ಕೆ ತುಂಬಿಕೊಳ್ಳುವ ಸ್ಯಾಂಪಲ್) 128 ಇಟ್ಟರೆ ಅದರಿಂದ ಆಗುವ ತಡ 3 ಮಿಲಿಸೆಕೆಂಡ್‌ಗಿಂತ ಕಡಿಮೆ. ಇಂಟರ್‌ಫೇಸ್ ಇನ್ನು ಸ್ವಲ್ಪ ಸೇರಿಸುತ್ತದೆ, ಆದರೂ ಕೈಗೆ ಗೊತ್ತಾಗುವುದಿಲ್ಲ.

ಶ್ರುತಿಪೆಟ್ಟಿಗೆ
ಹೆಡ್‌ಫೋನ್ ಸರಿ, ಆದರೆ ಅವರು ಕೇಳಿದ್ದು ಆಂಪ್ ಬಗ್ಗೆ ಅಲ್ವಾ? ದಿನಾ ರಾತ್ರಿ ಕಿವಿ ಮುಚ್ಚಿಕೊಂಡು ನುಡಿಸಿದರೆ ತಲೆನೋವು ಬರುತ್ತದೆ. ಕೋಣೆಯಲ್ಲಿ ಗಾಳಿ ಅಲುಗುವ ಸುಖವೇ ಬೇರೆ.

ಸಾಗರ_ವೈರಿಂಗ್
ಟ್ಯೂಬ್ ಬಗ್ಗೆ ನಾನು ಬೇರೆ ಕಡೆಯಿಂದ ಹೇಳುತ್ತೇನೆ. ಸದ್ದಿನ ರುಚಿ ನನಗೆ ಗೊತ್ತಿಲ್ಲ, ಕರೆಂಟ್ ಗೊತ್ತು.

ನಮ್ಮ ಕಡೆ ಲೈನಿನ ತುದಿಯಲ್ಲಿರುವ ಮನೆಗಳಲ್ಲಿ ಸಂಜೆ ಎಲ್ಲರೂ ಮೋಟಾರ್ ಹಾಕಿದರೆ ವೋಲ್ಟೇಜ್ 170ಕ್ಕೆ ಇಳಿಯುವುದು ಹೊಸದಲ್ಲ. ಟ್ಯೂಬ್ ಆಂಪ್‌ನಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಟ್ಯೂಬ್ ಕಾಯಿಸುವ ಹೀಟರ್‌ಗೆ 6.3 ವೋಲ್ಟ್ ಬೇಕು. 230 ಇರುವ ಕಡೆ 170 ಬಂದರೆ ಹೀಟರ್‌ಗೆ ಸಿಗುವುದು 4.7ರ ಹತ್ತಿರ. ಸದ್ದು ಸಪ್ಪೆಯಾಗುತ್ತದೆ, ಆಮೇಲೆ ಆಂಪ್ ಸರಿ ಇಲ್ಲ ಎಂದು ರಿಪೇರಿಗೆ ತರುತ್ತೀರಿ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುವ ಸಣ್ಣ ಆಂಪ್‌ಗಳಿಗೆ ಈ ತಾಪತ್ರಯ ಇಲ್ಲ. ವೋಲ್ಟೇಜ್ ಅಷ್ಟರೊಳಗೆ ಎಷ್ಟು ಕುಣಿದರೂ ಆಂಪ್‌ಗೆ ಸಿಗುವುದು ಒಂದೇ ವೋಲ್ಟೇಜ್.

ಇನ್ವರ್ಟರ್ ಯಾವುದು ನಿಮ್ಮದು? ಸ್ಕ್ವೇರ್ ವೇವ್ ಆದರೆ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಗುಂಯ್ ಎನ್ನುತ್ತದೆ. ಸೈನ್ ವೇವ್ ಆದರೆ ತೊಂದರೆ ಇಲ್ಲ.

ಹೊಸನಗರ_ಆರುತಂತಿ
ಸ್ಕ್ವೇರ್ ವೇವ್ ಇರಬೇಕು ಸರ್, ಫ್ಯಾನೇ ಗುಂಯ್ ಎನ್ನುತ್ತದೆ. ಇನ್ನೊಂದು ಪ್ರಶ್ನೆ. ಗಿಟಾರ್ ತಂತಿ ಮುಟ್ಟಿದಾಗ ಕೆಲವೊಮ್ಮೆ ಬೆರಳು ಜುಂ ಎನ್ನುತ್ತದೆ. ಇದು ಮಾಮೂಲಾ?

ಸಾಗರ_ವೈರಿಂಗ್
ಇಲ್ಲ! ಮೊದಲು ಅದನ್ನು ನೋಡಿಸಿ, ಆಂಪ್ ಆಮೇಲೆ.

ತಂತಿ ಮುಟ್ಟಿದರೆ ಹಮ್ (ಆಂಪ್‌ನ ಗುಂಯ್ ಸದ್ದು) ಕಡಿಮೆಯಾಗುವುದು ಮಾಮೂಲು. ತಂತಿ, ಬ್ರಿಡ್ಜ್, ಕೇಬಲ್‌ನ ಹೊರಗಿನ ಎಳೆ ಎಲ್ಲ ಆಂಪ್‌ನ ಗ್ರೌಂಡ್‌ಗೆ ಸೇರಿರುತ್ತವೆ. ಮುಟ್ಟಿದಾಗ ಹಮ್ ಜಾಸ್ತಿಯಾದರೆ, ಜುಂ ಎಂದರೆ, ಅರ್ಥಿಂಗ್ ಮೇಲೆ ಅನುಮಾನ ಪಡಬೇಕು. ಎರಡು ಪಿನ್ನಿನ ಅಡಾಪ್ಟರ್‌ಗಳಲ್ಲಿ ಸಣ್ಣಗೆ ಚುರುಗುಟ್ಟುವುದುಂಟು, ಅದು ಫಿಲ್ಟರ್ ಕೆಪಾಸಿಟರ್‌ನಿಂದ ಬರುವ ಸೋರಿಕೆ. ಆದರೆ ಊಹೆ ಮಾಡಿಕೊಂಡು ಕೂರಬೇಡಿ, ಮೀಟರ್ ಹಾಕಿಸಿ.

ನಮ್ಮ ಜಂಬಿಟ್ಟಿಗೆ ಗುಡ್ಡಗಳಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ. ಇದ್ದಿಲು ಉಪ್ಪು ಹಾಕಿ ಮುಚ್ಚಿದ ಮೇಲೆ ಅದರ ನೆನಪೇ ಯಾರಿಗೂ ಇರುವುದಿಲ್ಲ. ಏಪ್ರಿಲ್‌ನಲ್ಲಿ ನಾಲ್ಕು ಕೊಡ ನೀರು ಹಾಕಿ. ಇನ್ನು ಮೂರು ಪಿನ್ನಿನ ಪ್ಲಗ್‌ನ ದೊಡ್ಡ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಹಾಕುವವರು ಇದ್ದಾರಲ್ಲ, ಅವರಿಗೆ ಕೈಮುಗಿದು ಹೇಳುತ್ತೇನೆ, ಗಿಟಾರ್‌ಗೆ ಮಾತ್ರ ಹಾಗೆ ಮಾಡಬೇಡಿ. ಎರಡೂ ಕೈ ಲೋಹದ ಮೇಲಿರುತ್ತದೆ, ಕಾಲು ರೆಡ್ ಆಕ್ಸೈಡ್ ನೆಲದ ಮೇಲೆ.

ಚಂಡೆಪ್ರಿಯ
ಚಂಡೆಗೆ ಅರ್ಥಿಂಗೂ ಬೇಡ.

ಸಾಗರ_ವೈರಿಂಗ್
ಮೇಳದ ಅಹುಜಾ ಸೆಟ್ಟಿಗೆ ಬೇಕಲ್ಲ ಸ್ವಾಮಿ, ಭಾಗವತರು ಮೈಕ್ ಹಿಡಿದಾಗ ನೋಡಿ.

ಅಡಿಕೆಚಪ್ಪರ
ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಾರ್ಚ್ ಕೊನೆಯಿಂದ ಮಳೆ ಹಿಡಿಯುವ ತನಕ ಗುಡುಗು ಸಿಡಿಲಿನ ಕಾಲ. ನುಡಿಸಿ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಸುಲಿಗೆ ಸಮಯದಲ್ಲಿ ನಮ್ಮ ಅಡಿಕೆ ಸುಲಿಯುವ ಮಷಿನ್ ಶುರುವಾದರೆ ಆಂಪ್‌ನಲ್ಲಿ ಕರಕರ ಎನ್ನುತ್ತದೆ. ಅದಕ್ಕೆ ಏನಾದರೂ ಪರಿಹಾರ ಇದೆಯಾ?

ಸಾಗರ_ವೈರಿಂಗ್
ಮೋಟಾರಿನ ಬ್ರಷ್, ಸ್ಟಾರ್ಟರ್ ನೋಡಿಸಿ. ಇಲ್ಲದಿದ್ದರೆ ಸೆಲ್ ಮೇಲೆ ನುಡಿಸಿ. ಲೈನಿನಿಂದ ಬರುವುದು ನಿಲ್ಲುತ್ತದೆ, ಗಾಳಿಯಲ್ಲಿ ಬಂದು ಗಿಟಾರ್‌ನ ತಂತಿ ಕೆಳಗಿನ ಪಿಕಪ್ ಹಿಡಿಯುವುದು ನಿಲ್ಲುವುದಿಲ್ಲ.

ವಿನೋಬನಗರ_ಬ್ಲೂಸ್
ಪಿಕಪ್ ಸಿಂಗಲ್ ಕಾಯಿಲ್ ಆದರೆ ಹಿಡಿದೇ ಹಿಡಿಯುತ್ತದೆ. ಎರಡು ಕಾಯಿಲ್‌ನ ಹಂಬಕರ್‌ನಲ್ಲಿ ಕಡಿಮೆ. ಕುಳಿತ ಜಾಗದಲ್ಲೇ ಗಿಟಾರ್ ದಿಕ್ಕು ತಿರುಗಿಸಿ ನೋಡಿ, ಒಂದು ಕೋನದಲ್ಲಿ ಹಮ್ ತಗ್ಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ, ಇಲ್ಲದಿದ್ದರೆ ಇದು ಲೈನ್‌ಮನ್ ಸಂಘದ ಸಭೆ ಆಗುತ್ತದೆ. ಮನೆಯ ಆಂಪ್ ಎಂದರೆ ಸದ್ದು ತಗ್ಗಿಸಿದಾಗಲೂ ಚೆನ್ನಾಗಿ ಕೇಳುವುದು. ಅದು ಸುಲಭ ಅಲ್ಲ. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಬೇಸ್ ಮೊದಲು ಮಾಯವಾಗುತ್ತದೆ, ಟ್ರೆಬಲ್ ಕೂಡ ಸ್ವಲ್ಪ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಜೋರಾಗಿ ಕೇಳಿ ಖುಷಿಪಟ್ಟ ಆಂಪ್ ಮನೆಯಲ್ಲಿ ತೆಳ್ಳಗೆ ಕೇಳುವುದು ಇದರಿಂದ. ಆದ್ದರಿಂದ ರಾತ್ರಿಗೆ ಬೇಸ್ ಒಂದು ಗೆರೆ ಮೇಲೆ ಇಡಿ, ಗೇನ್ ಕಡಿಮೆ ಮಾಡಿ. ಗೇನ್ ಜಾಸ್ತಿಯಾದಷ್ಟೂ ಕಡಿಮೆ ಸದ್ದಿನಲ್ಲಿ ಜೇನುನೊಣದ ಗೂಡು.

ಸ್ಪೀಕರ್ ಗಾತ್ರ ನೋಡಿ, ವ್ಯಾಟ್ ಅಲ್ಲ. ಗಿಟಾರ್‌ನ ದಪ್ಪ ತಂತಿ 82 ಹರ್ಟ್ಜ್. ಮೂರು ಇಂಚಿನ ಸ್ಪೀಕರ್ ಅದನ್ನು ಸರಿಯಾಗಿ ಕೊಡುವುದಿಲ್ಲ, ಕಿವಿ ಮೇಲಿನ ಸ್ವರಗಳಿಂದ ಅಂದಾಜು ಮಾಡಿಕೊಳ್ಳುತ್ತದೆ ಅಷ್ಟೇ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಮೂರು ಇಂಚು, ಬಾಸ್ ಕಟಾನಾ ಮಿನಿ ನಾಲ್ಕು, ರೋಲ್ಯಾಂಡ್ ಮೈಕ್ರೋ ಕ್ಯೂಬ್ ಐದು. ಈ ಮೂರೂ ಆರು ಡಬಲ್ ಎ ಸೆಲ್ ಮೇಲೆ ಓಡುತ್ತವೆ. ಫೆಂಡರ್ ಮಸ್ಟಾಂಗ್ ಎಲ್‌ಟಿ 25, ಆರೆಂಜ್ ಕ್ರಶ್ 20 ಇವು 8 ಇಂಚು. ಸದ್ದಿಗೆ ಮೈ ಇದೆ, ಆದರೆ ಸೆಲ್ ಹಾಕಲು ಆಗುವುದಿಲ್ಲ.

ನನ್ನ ಮತ ಕೇಳಿದರೆ ಕರೆಂಟ್ ಸಮಸ್ಯೆ ಇಲ್ಲದ ಮನೆಗೆ 8 ಇಂಚು, ನಿಮ್ಮ ಮನೆಗೆ ಮೈಕ್ರೋ ಕ್ಯೂಬ್.

ಪಿಜಿ_ಗಿಟಾರಿಸ್ಟ್
ಯಮಾಹಾ ಟಿಎಚ್‌ಆರ್ ಹೆಸರೇ ಹೇಳಲಿಲ್ಲ? ಮನೆ ಆಂಪ್ ಎಂದರೆ ಅದೇ. 2011ರಲ್ಲಿ ಬಂದ ಟಿಎಚ್‌ಆರ್ 10ರಲ್ಲಿ ಎರಡು ಸಣ್ಣ ಸ್ಪೀಕರ್, ಸ್ಟೀರಿಯೋ, ಸೆಲ್ ಮೇಲೂ ಓಡುತ್ತಿತ್ತು. ಹಾಡು ಹಾಕಿಕೊಂಡು ಅದರ ಜೊತೆ ನುಡಿಸಲು ಅದಕ್ಕಿಂತ ಚೆನ್ನಾಗಿರುವುದು ಕಮ್ಮಿ.

ವಿನೋಬನಗರ_ಬ್ಲೂಸ್
ಚೆನ್ನಾಗಿದೆ, ಒಪ್ಪಿದೆ. ಹೊಸದು ಅವರ ಬಜೆಟ್ ದಾಟುತ್ತದೆ.

ತೀರ್ಥಹಳ್ಳಿ_ಕಾರ್ಡ್ಸ್
ಕಟಾನಾ 50 ತಗೊಂಡು ಅರ್ಧ ವ್ಯಾಟ್‌ಗೆ ಇಳಿಸಿಕೊಳ್ಳಿ. ಹಿಂದೆ ಯಾರೋ ಮಾರಾಟಕ್ಕೆ ಹಾಕಿದ್ದರು. 12 ಇಂಚಿನ ಸ್ಪೀಕರ್. ಅರ್ಧ ವ್ಯಾಟ್ ಮೋಡ್‌ನಲ್ಲಿ ಮಾಸ್ಟರ್ ಸ್ವಲ್ಪ ಮೇಲಿಟ್ಟು ನುಡಿಸಬಹುದು. ಒಂದರಿಂದ ಎರಡಕ್ಕೆ ತಿರುಗಿಸುವಷ್ಟರಲ್ಲಿ ಮನೆ ಎದ್ದು ಕೂರುವ ಕಾಟ ಇರುವುದಿಲ್ಲ.

ಶ್ರುತಿಪೆಟ್ಟಿಗೆ
ನಾನು ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತೇನೆ, ಮಕ್ಕಳಿಗೆ ಹೇಳಿಕೊಡುತ್ತೇನೆ. ನನಗೆ ಬೇಕಾದ್ದು ಎರಡೇ. ಗಮಕ ಎಳೆಯುವಾಗ ಸ್ವರ ಕೊನೆಯ ತನಕ ನಿಲ್ಲಬೇಕು, ಅದಕ್ಕೆ ಶುದ್ಧವಾದ ಕ್ಲೀನ್ ಜೊತೆಗೆ ಜೋರು ಮೆಲು ಸದ್ದನ್ನು ಸಮ ಮಾಡುವ ಕಂಪ್ರೆಸರ್ ಸ್ವಲ್ಪ. ಎರಡನೆಯದು ಆಕ್ಸ್ ಇನ್, ಮೊಬೈಲ್ ಚುಚ್ಚುವ ತೂತು. ಮೊಬೈಲಿನ ತಂಬೂರಿ ಅದೇ ಆಂಪ್‌ನಲ್ಲಿ ಬಂದರೆ ಶ್ರುತಿ ಸೇರಿಸುವುದು ಎಷ್ಟು ಸಲೀಸು ಗೊತ್ತಾ? ಯು. ಶ್ರೀನಿವಾಸ್ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕಛೇರಿ ಮಾಡಿದ ಮೇಲೂ "ಎಲೆಕ್ಟ್ರಿಕ್ ವಾದ್ಯದಲ್ಲಿ ರಾಗ ಬರುತ್ತಾ?" ಎಂದು ಕೇಳುವವರು ನಮ್ಮೂರಲ್ಲಿ ಇದ್ದಾರೆ.

ಆಂಪ್ ನೆಲದ ಮೇಲೆ ಇಡಬೇಡಿ. ಹಳೆಯ ಮನೆಯ ಗಟ್ಟಿ ನೆಲ, ಮೂಲೆ ಗೋಡೆ ಸೇರಿ ಬೇಸ್ ಗುಂಗುಡುತ್ತದೆ, ಅದೇ ಪಕ್ಕದ ಕೋಣೆಗೆ ಹೋಗುವುದು. ಸ್ಟೂಲಿನ ಮೇಲೆ ಕಿವಿಯ ಎತ್ತರಕ್ಕೆ ಇಟ್ಟರೆ ಕಡಿಮೆ ಸದ್ದಿನಲ್ಲೇ ಎಲ್ಲ ಕೇಳುತ್ತದೆ. ಸ್ಟೂಲಿನ ಕೆಳಗೆ ಹಳೆಯ ಕಂಬಳಿ ಮಡಚಿ ಹಾಕಿ.

ವಾಲ್ವ್‌ರೇಡಿಯೋ
ಮೇಡಂ ಹೇಳಿದ್ದು ಸರಿ. ಕಾಲಿನ ಹತ್ತಿರ ಆಂಪ್ ಇಟ್ಟು ಕೇಳಲ್ಲ ಎಂದು ವಾಲ್ಯೂಮ್ ಏರಿಸುವುದು ಎಲ್ಲರ ಅಭ್ಯಾಸ.

ಭಜನೆಮಂಡಳಿ
ನಮ್ಮ ಮಂಡಳಿಯಲ್ಲಿ ಒಬ್ಬ ಹುಡುಗ ಸೆಮಿ ಅಕೌಸ್ಟಿಕ್ (ಪಿಕಪ್ ಇರುವ ಅಕೌಸ್ಟಿಕ್ ಗಿಟಾರ್) ತಂದಿದ್ದಾನೆ. ಅದಕ್ಕೂ ಇದೇ ಆಂಪ್ ಆಗುತ್ತಾ? ಬ್ಲೂಟೂತ್ ಸ್ಪೀಕರ್ ಒಂದಿದೆ, ಅದಕ್ಕೆ ಸೇರಿಸಬಹುದಾ?

ಪಿಜಿ_ಗಿಟಾರಿಸ್ಟ್
ಬ್ಲೂಟೂತ್‌ನಲ್ಲಿ ಸದ್ದು ನೂರು ಇನ್ನೂರು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಭಜನೆ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ. ಬೇಡ.

ವಿನೋಬನಗರ_ಬ್ಲೂಸ್
ಸೆಮಿ ಅಕೌಸ್ಟಿಕ್‌ಗೆ ಎಲೆಕ್ಟ್ರಿಕ್ ಆಂಪ್ ಹಾಕಿದರೆ ಮಂಕಾಗಿ ಕೇಳುತ್ತದೆ. ಅದರ ಪೀಜೋ ಪಿಕಪ್‌ಗೆ ಮೇಲಿನ ಟ್ರೆಬಲ್ ಎಲ್ಲ ಬೇಕು. ಕೀಬೋರ್ಡ್ ಆಂಪ್ ಅಥವಾ ಮಂಡಳಿಯ ಮಿಕ್ಸರ್‌ಗೇ ಕೊಡಿ. ಹೋಮ್ ಥಿಯೇಟರ್ ಕೂಡ ಇದಕ್ಕೆ ನಡೆಯುತ್ತದೆ.

ಹೊಸನಗರ_ಆರುತಂತಿ
ಎಲ್ಲರಿಗೂ ಥ್ಯಾಂಕ್ಸ್. ಅರ್ಥಿಂಗ್ ನೋಡಿಸಿದೆ. ಸರ್ ಹೇಳಿದ ಹಾಗೇ ಇತ್ತು, ಗುಂಡಿಯಲ್ಲಿ ತಂತಿ ತುಕ್ಕು ಹಿಡಿದು ಬಿಟ್ಟುಹೋಗಿತ್ತು. ಈಗ ಜುಂ ಇಲ್ಲ. ಮುಂದಿನ ವಾರ ತಾಳಗುಪ್ಪ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದೇನೆ. ಅಲ್ಲಿ ಅಂಗಡಿಯಲ್ಲಿ ಏನೇನು ನೋಡಲಿ? ಸೆಕೆಂಡ್ ಹ್ಯಾಂಡ್ ಕೂಡ ಒಂದು ನೋಡಿಟ್ಟಿದ್ದೇನೆ.

ತೀರ್ಥಹಳ್ಳಿ_ಕಾರ್ಡ್ಸ್
ನಿಮ್ಮದೇ ಗಿಟಾರ್ ತಗೊಂಡು ಹೋಗಿ. ಅಂಗಡಿಯ ದುಬಾರಿ ಗಿಟಾರ್‌ನಲ್ಲಿ ಕೇಳಿ ಮೋಸ ಹೋಗಬೇಡಿ. ಅಂಗಡಿಯವರು ವಾಲ್ಯೂಮ್ ಏರಿಸಲು ಬರುತ್ತಾರೆ, ಬೇಡ ಎನ್ನಿ. ಆಂಪ್ ನುಡಿಯುತ್ತಿರುವಾಗ ಪಕ್ಕದವರ ಜೊತೆ ಗಂಟಲು ಏರಿಸದೆ ಮಾತಾಡಲು ಆಗಬೇಕು, ಅಷ್ಟರಲ್ಲಿ ಯಾವುದು ಚೆನ್ನಾಗಿ ಕೇಳುತ್ತದೋ ಅದು. ಮೊದಲು ಕ್ಲೀನ್ ಕೇಳಿ. ಎಫೆಕ್ಟ್ ಎಲ್ಲ ಆಫ್ ಮಾಡಿಸಿ, ರಿವರ್ಬ್ (ಮಾರ್ದನಿ) ಹಾಕಿದರೆ ಎಲ್ಲ ಆಂಪೂ ಚೆಂದ.

ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ನಾಬ್ ತಿರುಗಿಸಿ ಕರಕರ ಬರುತ್ತಾ ನೋಡಿ. ಜ್ಯಾಕ್ ಅಲ್ಲಾಡಿಸಿ. ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ನಿಲ್ಲಬೇಕು. ಸೆಲ್ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ, ಹಸಿರು ಪುಡಿ ಕಟ್ಟಿದ್ದರೆ ಒಳಗೆ ಸೆಲ್ ಸೋರಿದೆ ಎಂದರ್ಥ. ಅಡಾಪ್ಟರ್ ಒರಿಜಿನಲ್ಲಾ ಕೇಳಿ. ಪಿನ್ನಿನ ಧ್ರುವ ಉಲ್ಟಾ ಇರುವ ಅಡಾಪ್ಟರ್ ಹಾಕಿ ಆಂಪ್ ಸುಟ್ಟವರಿದ್ದಾರೆ.

ಅಡಿಕೆಚಪ್ಪರ
ಪಾರ್ಸಲ್ ಮಾಡಿಸಬೇಡಿ, ಕೈಯಲ್ಲೇ ತನ್ನಿ. ನನ್ನದು ಪಾರ್ಸಲ್‌ನಲ್ಲಿ ಬಂದಾಗ ಹಿಡಿಕೆ ಒಂದು ಕಡೆ, ಆಂಪ್ ಒಂದು ಕಡೆ.

ಚಂಡೆಪ್ರಿಯ
ಬರುವಾಗ ಶಿವಮೊಗ್ಗದಲ್ಲಿ ಇಳಿದು ಮಂಡಕ್ಕಿ ತಿನ್ನುವುದು ಮರೆಯಬೇಡಿ.

ಹೊಸನಗರ_ಆರುತಂತಿ
ತಂದೆ ಮಾರಾಯ್ರೆ. ಕೊನೆಗೆ ಟ್ಯೂಬ್ ಎಂದವರ ಮಾತೂ ಕೇಳಲಿಲ್ಲ, ಕ್ಯೂಬ್ ಎಂದವರ ಮಾತೂ ಕೇಳಲಿಲ್ಲ. ಮೈಕ್ರೋ ಕ್ಯೂಬ್ ಮತ್ತು ಕಟಾನಾ ಮಿನಿ ಪಕ್ಕಪಕ್ಕ ಇಟ್ಟು ಕೇಳಿದೆ. ಕ್ಯೂಬ್‌ನಲ್ಲಿ ಎಫೆಕ್ಟ್ ಜಾಸ್ತಿ, ಆಂಪ್ ಬಗೆ ಜಾಸ್ತಿ. ಆದರೆ ಮಾತಿನ ಮಟ್ಟದಲ್ಲಿ ನನ್ನ ಕಿವಿಗೆ ಕಟಾನಾ ಮಿನಿಯ ಕ್ರಂಚ್ ಹಿಡಿಸಿತು. ನಾಬ್ ತಿರುಗಿಸಿದರೆ ಮುಗಿಯಿತು, ಮೆನು ಗಿನು ಇಲ್ಲ. ನಿನ್ನೆ ರಾತ್ರಿ ಕರೆಂಟ್ ಇಲ್ಲದೆ ಸೆಲ್ ಮೇಲೆ ನುಡಿಸಿದೆ. ಅಜ್ಜಿ ಬೆಳಿಗ್ಗೆ "ರೇಡಿಯೋ ಹಾಕಿದ್ಯಾ?" ಎಂದು ಕೇಳಿದರು, ಬೈಯಲಿಲ್ಲ.

ವಾಲ್ವ್‌ರೇಡಿಯೋ
ನಾಲ್ಕು ಇಂಚು! ಇರಲಿ, ನುಡಿಸಿ. ಎರಡು ವರ್ಷ ಬಿಟ್ಟು ಟ್ಯೂಬ್ ಕೇಳಿಕೊಂಡು ಬರುತ್ತೀರಿ.

ವಿನೋಬನಗರ_ಬ್ಲೂಸ್
ಕೇಳಿ ತಗೊಂಡಿರಲ್ಲ, ಅದೇ ಬೇಕಾಗಿದ್ದದ್ದು. ಆದರೂ ಕ್ಯೂಬ್‌ನ ಕ್ಲೀನ್ ಚೆನ್ನಾಗಿತ್ತು ಎಂದು ಬರೆದು ಸಹಿ ಮಾಡಿ.

ಶ್ರುತಿಪೆಟ್ಟಿಗೆ
ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಮುಚ್ಚಿಡಬೇಡಿ, ಒಳಗೇ ತೇವ ನಿಲ್ಲುತ್ತದೆ. ಹತ್ತಿ ಬಟ್ಟೆ ಸಾಕು. ವಾರಗಟ್ಟಲೆ ನುಡಿಸದಿದ್ದರೆ ಸೆಲ್ ತೆಗೆದಿಡಿ. ಚಾರ್ಜ್ ಮಾಡುವ ಸೆಲ್ ಹಾಕುವ ಮೊದಲು ಮ್ಯಾನುಯಲ್ ನೋಡಿ. ಅವು ಒಂದೊಂದು 1.2 ವೋಲ್ಟ್, ಆರು ಸೇರಿದರೆ 9 ಆಗುವುದಿಲ್ಲ.

ಕಳಸದಿಂದ
ಈ ಚರ್ಚೆ ನೋಡಿ ಅಟ್ಟದಲ್ಲಿದ್ದ ನನ್ನ ಹಳೆಯ ಆಂಪ್ ಇಳಿಸಿದೆ. ಇನ್‌ಪುಟ್ ಜ್ಯಾಕ್ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ. ಎಂತ ಮಾಡುವುದು?

ಸಾಗರ_ವೈರಿಂಗ್
ಪ್ಲಗ್ ಹಾಕಬೇಡಿ ಮೊದಲು. ಮೊಳೆ ತೂರಿಸಿ ಕೆರೆಯಬೇಡಿ, ಜ್ಯಾಕ್‌ನ ಎಲೆ ಬಾಗುತ್ತದೆ. ನೀರೂ ಬೇಡ. ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್ ಆದರೆ ಹಿಂದಿನ ಹಲಗೆ ಬಿಚ್ಚಿ, ಒಣ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉದುರಿಸಿ. ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೇಬಲ್ ನಾಲ್ಕು ಸಲ ಹಾಕಿ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಆದರೆ ಒಳಗೆ ಕೈ ಹಾಕಬೇಡಿ, ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಹಾಗೆಯೇ ಸ್ಪೀಕರ್ ಕಾಗದ ಇಲಿ ಕಡಿದಿದೆಯಾ ನೋಡಿ ಹೇಳಿ.

ಕಳಸದಿಂದ
ಕಡಿದಿದೆ.